ಅಂಗಳಕ್ಕೆ ಎಷ್ಟು ದಿನ?

ನವರಾತ್ರಿ ಕಳೆದು ಮಳೆ ಹಿಂದೆ ಸರಿಯುತ್ತಿದ್ದಂತೆ ದಕ್ಷಿಣ ಕನ್ನಡದ ಅಡಿಕೆ ಬೆಳೆಗಾರರ ಮನೆಗಳಲ್ಲಿ ಒಂದು ಸದ್ದು ಏಳುತ್ತಿತ್ತು. ಧಪ್, ಧಪ್, ಧಪ್. ಅಗಲವಾದ ಮರದ ಹಲಗೆಯಿಂದ ಹಸಿ ಮಣ್ಣಿಗೆ ಹೊಡೆಯುವ ಸದ್ದು. ಒಂದು ಮನೆಯಲ್ಲಿ ಅದು ಶುರುವಾಯಿತೆಂದರೆ ತೋಟದಾಚೆಯ ಮನೆಯವರಿಗೂ ತಿಳಿಯುತ್ತಿತ್ತು: ಅವರು ಅಂಗಳಕ್ಕೆ ಕೈ ಹಾಕಿದರು, ಇನ್ನು ನಾವೂ ಸುಮ್ಮನೆ ಕೂರುವಂತಿಲ್ಲ.

ನಾಲ್ಕು ತಿಂಗಳ ಜಡಿಮಳೆ ತಿಂದ ಮೇಲೆ ಅಂಗಳ ಅಂಗಳವಾಗಿ ಉಳಿಯುತ್ತಿರಲಿಲ್ಲ. ಪಾಚಿ ಕಟ್ಟಿರುತ್ತಿತ್ತು, ಹುಲ್ಲು ಎದ್ದಿರುತ್ತಿತ್ತು, ಮಾಡಿನ ನೀರು ಬಿದ್ದಲ್ಲೆಲ್ಲ ಸಾಲಾಗಿ ಗುಳಿ. ಮೆಟ್ಟಿಲಿನಿಂದ ಹಟ್ಟಿಯವರೆಗೆ ಹೋಗಿಬರುವವರು ಜಾರಿ ಬೀಳಬಾರದೆಂದು ಅಡಿಕೆ ಮರದ ಸೀಳುಗಳನ್ನು ಹಾಸಿದ್ದರೆ ಅವೂ ಕೊಳೆತು ಹೋಗಿರುತ್ತಿದ್ದವು. ಮೊದಲ ದಿನ ಹುಲ್ಲು ಕೆತ್ತಿ, ಮೇಲ್ಮಣ್ಣು ಅಗೆದು, ಬೇರು ಕಲ್ಲು ಹೆಕ್ಕುವುದು. ಮರುದಿನ ಗುಡ್ಡೆಯಿಂದ ತಂದ ಹೊಸ ಮಣ್ಣು ಸೇರಿಸಿ, ನೀರು ಹಾಕಿ ಕಲಸಿ ತುಳಿದು ಹರಡುವುದು. ನೀರು ಹರಿದುಹೋಗುವ ಓಟ ಸರಿಯಿದೆಯೇ ಎಂದು ನೋಡಲು ಮಟ್ಟಗೋಲು ಬೇಕಿರಲಿಲ್ಲ. ಜಗಲಿಯ ಬುಡದಲ್ಲಿ ಒಂದು ಕೊಡ ನೀರು ಸುರಿದರೆ ಅದೇ ದಾರಿ ತೋರಿಸುತ್ತಿತ್ತು. ಆಮೇಲೆ ಕಾಯುವ ಕೆಲಸ. ಮಣ್ಣು ತೀರಾ ಹಸಿಯಿದ್ದರೆ ಹಲಗೆಗೆ ಅಂಟಿಕೊಂಡು ಕಿತ್ತು ಬರುತ್ತದೆ, ತೀರಾ ಒಣಗಿದರೆ ಎಷ್ಟು ಹೊಡೆದರೂ ಕೂರುವುದಿಲ್ಲ. ನಡುವೆ ಸಿಗುವ ಅರ್ಧ ದಿನದ ಹದವನ್ನು ಹಿಡಿದು ಮನೆಮಂದಿಯೆಲ್ಲ ಸಾಲಾಗಿ ಕುಕ್ಕರುಗಾಲಲ್ಲಿ ಕೂತು ಬಡಿಯಬೇಕು. ಒಣಗುತ್ತ ಬಂದಂತೆ ಕೂದಲೆಳೆಯಂಥ ಬಿರುಕು ಕಾಣಿಸುತ್ತದೆ. ಮತ್ತೆ ನೀರು ಚಿಮುಕಿಸಿ ಮತ್ತೆ ಬಡಿಯಬೇಕು.

ಕಡೆಗೆ ಸಗಣಿ. ಅಡಿಕೆ ಹಾಳೆಯ ತುಂಡನ್ನು ಕೈಯಲ್ಲಿ ಹಿಡಿದು, ಬಗ್ಗಿ, ಅರ್ಧಚಂದ್ರಾಕಾರದಲ್ಲಿ ಎಳೆಯುತ್ತ ಹಿಂದೆ ಹಿಂದೆ ಸರಿಯುವ ಈ ಕೆಲಸ ಹೆಚ್ಚಾಗಿ ಹೆಂಗಸರದು. ಸಗಣಿ ನೀರಿಗೆ ಸುಟ್ಟ ಕರಿಯ ಪುಡಿ ಬೆರೆಸಿದರೆ ನೆಲಕ್ಕೆ ಹೊಳೆಯುವ ಕಪ್ಪು ಬರುತ್ತದೆ. ಟಾರ್ಚು ಬಂದ ಮೇಲೆ ಮುಗಿದುಹೋದ ಬ್ಯಾಟರಿ ಸೆಲ್ಲನ್ನು ಒಡೆದು ಅದರೊಳಗಿನ ಮಸಿಯನ್ನು ಇದಕ್ಕೆ ಬಳಸಿದ ಮನೆಗಳೂ ಇದ್ದವು. ಆ ಮಸಿಯಲ್ಲಿ ಏನೇನಿದೆ ಎಂದು ಆಗ ಯಾರೂ ಕೇಳಲಿಲ್ಲ.

ಇಷ್ಟೆಲ್ಲ ಯಾಕೆಂದರೆ ಕರಾವಳಿಯ ಅಂಗಳ ಬರೀ ಮನೆಯ ಮುಂದಿನ ಬಯಲಲ್ಲ, ಅದು ಒಣಗಿಸುವ ಯಂತ್ರ. ಚಾಲಿ ಅಡಿಕೆ ಮಾಡಲು ಹಣ್ಣಡಿಕೆಯನ್ನು ಇಡಿಯಾಗಿ ಬಿಸಿಲಿಗೆ ಹರಡಿ ಸುಮಾರು 40 ದಿನ ಬಿಡಬೇಕು. ನೆಲ ಕಾಯಬೇಕು, ಆದರೆ ತೇವ ಏರಿಸಬಾರದು. ಗುಡಿಸಿದರೆ ಧೂಳು ಏಳಬಾರದು. ಅಕಾಲದಲ್ಲಿ ಒಂದು ಮಳೆ ಬಂದರೂ ನೀರು ನಿಲ್ಲಬಾರದು. ತುಳಸಿ ಪೂಜೆಯ ಹೊತ್ತಿಗೆ ಅಂಗಳ ಸಿದ್ಧವಾಗಿರಬೇಕೆಂಬ ಆತುರದ ಹಿಂದೆ ಭಕ್ತಿ ಎಷ್ಟಿತ್ತೋ ಅಡಿಕೆಯ ಧಾರಣೆಯೂ ಅಷ್ಟೇ ಇತ್ತು.

ಹಾಗಾದರೆ ಇಂಥ ಅಂಗಳಕ್ಕೆ ಎಷ್ಟು ದಿನ? ಒಂದು ವಾರ ಎನ್ನಬಹುದು. ಆದರೆ ಆ ವಾರ ಪ್ರತಿ ವರ್ಷವೂ ಬರುತ್ತಿತ್ತು. ಅದರ ಮೇಲೆ ಆಗಾಗ ಸಾರಿಸುವುದು, ಹಬ್ಬಕ್ಕೊಮ್ಮೆ, ಶ್ರಾದ್ಧಕ್ಕೊಮ್ಮೆ, ನೆಂಟರು ಬರುತ್ತಾರೆಂದು ತಿಳಿದರೆ ಇನ್ನೊಮ್ಮೆ. ಮೂವತ್ತು ವರ್ಷ ಒಂದೇ ಮನೆಯಲ್ಲಿ ಬಾಳಿದ ಹೆಂಗಸೊಬ್ಬಳು ಆ ಅಂಗಳಕ್ಕೆ ಕೊಟ್ಟ ದಿನಗಳನ್ನು ಕೂಡಿಸಿದರೆ ಇಡೀ ವರ್ಷವೇ ಆದೀತು. ಕೂಲಿಯ ಪುಸ್ತಕದಲ್ಲಿ ಬರೆಯದ ದಿನಗಳಾದ್ದರಿಂದ ಮಣ್ಣಿನಂಗಳ ಪುಕ್ಕಟೆ ಎಂಬ ಮಾತು ಉಳಿದುಕೊಂಡಿತು.

ಘಟ್ಟದ ಮೇಲೆ, ಬಯಲುಸೀಮೆಯಲ್ಲಿ, ಇದೇ ಕಸುಬು ಕಣದ ರೂಪದಲ್ಲಿತ್ತು. ಹೊಲದಲ್ಲೊಂದು ಗಟ್ಟಿ ಜಾಗ ನೋಡಿ, ಕೆರೆದು, ನೀರು ಚಿಮುಕಿಸಿ, ದನ ತುಳಿಸಿ, ಸಗಣಿ ಬಳಿದು, ನಡುವೆ ಮೇಟಿ ನೆಟ್ಟರೆ ಕಣ. ರಾಗಿಯ ಮೇಲೆ ರೋಣಗಲ್ಲು ಉರುಳಿ, ಕಾಳು ಮನೆ ಸೇರಿದ ಮೇಲೆ ಕಣಕ್ಕೆ ಯಾರ ಹಂಗೂ ಇಲ್ಲ. ಮುಂದಿನ ಸುಗ್ಗಿಗೆ ಮತ್ತೆ ಮೊದಲಿನಿಂದ.

ಇನ್ನು ಬೆಂಗಳೂರಿನ ಸುತ್ತಮುತ್ತ ನೆಲದಡಿಯಲ್ಲೇ ಬಂಡೆ. ಅಲ್ಲಿನವರಿಗೆ ಅಂಗಳ ಎಂದರೆ ಚಪ್ಪಡಿ. ಹಳೆಯ ಮನೆಗಳ ಹಿತ್ತಿಲಲ್ಲಿ, ಬಾವಿಕಟ್ಟೆಯ ಸುತ್ತ, ಬಟ್ಟೆ ಒಗೆಯುವಲ್ಲಿ, ಬೀದಿಯ ಚರಂಡಿಯ ಮೇಲೆ ಇವತ್ತಿಗೂ ಕಾಣುವ ಅಂಗೈ ಅಗಲ ದಪ್ಪದ ಆ ಕಲ್ಲುಗಳನ್ನು ನೋಡಿದವರಿಗೆ ಒಂದು ಪ್ರಶ್ನೆ ಹುಟ್ಟಲೇಬೇಕು. ಗರಗಸ ಇಲ್ಲದ ಕಾಲದಲ್ಲಿ ಇಷ್ಟು ತೆಳ್ಳಗೆ, ಇಷ್ಟು ಅಗಲವಾಗಿ ಗ್ರಾನೈಟನ್ನು ಸೀಳಿದ್ದು ಹೇಗೆ?

ಉತ್ತರ: ಸೌದೆಯಿಂದ. 1895ರಲ್ಲಿ ಲಂಡನ್ನಿನ ‘ನೇಚರ್’ ಪತ್ರಿಕೆಯಲ್ಲಿ ಎಚ್. ವಾರ್ತ್ ಎಂಬವರು ಭಾರತದ ಗ್ರಾನೈಟ್ ಗಣಿಗಾರಿಕೆಯ ಬಗ್ಗೆ ಒಂದು ಟಿಪ್ಪಣಿ ಬರೆದರು. ಬೆಂಗಳೂರಿನಲ್ಲಿ ಬಂಡೆಯ ಮೇಲ್ಪದರವನ್ನು ಬೆಂಕಿಯಿಂದ ಎಬ್ಬಿಸುವ ಬಗೆ ಅದರಲ್ಲಿದೆ. ಸಮತಟ್ಟಾದ ಬರಿಬಂಡೆಯ ಮೇಲೆ ಏಳೆಂಟಡಿ ಉದ್ದಕ್ಕೆ ಒಣಸೌದೆಯ ಸಾಲು ಹೊತ್ತಿಸುತ್ತಾರೆ. ಕಾದ ಮೇಲ್ಪದರ ಹಿಗ್ಗುತ್ತದೆ, ಅಡಿಯ ತಣ್ಣನೆಯ ಕಲ್ಲು ಹಿಗ್ಗುವುದಿಲ್ಲ. ಎರಡರ ನಡುವೆ ಸೀಳು ಬಿಡುತ್ತದೆ. ಕೆಲಸಗಾರ ಬೆಂಕಿಯ ಮುಂದೆ ಸುತ್ತಿಗೆಯಿಂದ ತಟ್ಟುತ್ತ ಕಿವಿಗೊಡುತ್ತಾನೆ. ಗಟ್ಟಿ ಸದ್ದು ಬಂದರೆ ಕಲ್ಲು ಇನ್ನೂ ತಾಯಿಬಂಡೆಗೆ ಅಂಟಿದೆ ಎಂದರ್ಥ, ಟೊಳ್ಳು ಸದ್ದು ಬಂದರೆ ಬಿಟ್ಟಿದೆ. ಬಿಟ್ಟಿತೆಂದು ಗೊತ್ತಾದ ಕೂಡಲೇ ಉರಿಯುವ ಕೊರಡುಗಳನ್ನು ಕೆಲವೇ ಅಂಗುಲ ಮುಂದೆ ತಳ್ಳುವುದು, ಮತ್ತೆ ತಟ್ಟುವುದು, ಮತ್ತೆ ತಳ್ಳುವುದು. ಹೀಗೆ ಬೆಂಕಿಯ ಸಾಲು ಉದ್ದವಾಗುತ್ತ, ಬಂಡೆಯ ಮೇಲೆ ನಿಧಾನವಾಗಿ ನಡೆಯುತ್ತ ಹೋಗುತ್ತದೆ. 60 ಅಡಿ ಉದ್ದ, 40 ಅಡಿ ಅಗಲ, ಅರ್ಧ ಅಡಿ ದಪ್ಪದ ಒಂದೇ ಹಾಳೆ ಏಳುವುದುಂಟು ಎಂದು ಆ ಕಾಲದ ಲೆಕ್ಕ. ಇವತ್ತಿನ ಮೂವತ್ತು-ನಲವತ್ತರ ಸೈಟು ಎರಡು ಅದರಲ್ಲಿ ಅಡಗುತ್ತವೆ.

ಎದ್ದ ಹಾಳೆಯನ್ನು ಚಾಣ ಸುತ್ತಿಗೆ ಹಿಡಿದು ಪಟ್ಟಿ ಪಟ್ಟಿಯಾಗಿ ಒಡೆಯುವುದು ಇದರ ಮುಂದೆ ಸಲೀಸು. ಈ ಕೆಲಸದಲ್ಲಿ ತಲೆತಲಾಂತರದಿಂದ ಪಳಗಿದವರು ಭೋವಿ ಸಮುದಾಯದವರು. ಬೇಲಿಗೆ ಕಂಬ, ಬಾಗಿಲಿಗೆ ನಿಲುವು, ಮನೆಗೆ ಮಾಡು, ಚರಂಡಿಗೆ ಮುಚ್ಚಳ, ಅಂಗಳಕ್ಕೆ ಹಾಸು, ಎಲ್ಲವೂ ಆ ಒಂದು ಹಾಳೆಯಿಂದಲೇ. ಅಂಗಳಕ್ಕೆ ಕಲ್ಲು ಹಾಸಲು ಹಿಡಿದ ದಿನ ಎರಡೋ ಮೂರೋ ಇರಬಹುದು. ಆದರೆ ಬಂಡೆಯ ಮೇಲೆ ನಿಂತು ಟಕ್ ಟಕ್ ಎಂದು ತಟ್ಟಿದ ಗಂಟೆಗಳು ಆ ಮನೆಯವರ ಲೆಕ್ಕಕ್ಕೆ ಬರಲೇ ಇಲ್ಲ.

ಬೆಂಗಳೂರಿಗೆ ಬೆಂಕಿ ಬೇಕಾಯಿತು. ಕಲಬುರಗಿಗೆ ಅದೂ ಬೇಕಿರಲಿಲ್ಲ. ಅಲ್ಲಿ ನೆಲವೇ ಹಾಳೆ ಹಾಳೆಯಾಗಿ ಕಟ್ಟಿದ ಪುಸ್ತಕ.

ಭೀಮಾ ಮತ್ತು ಕಾಗಿಣಾ ನದಿಗಳ ಸೀಮೆಯಲ್ಲಿ, ಶಹಾಬಾದ್, ಚಿತ್ತಾಪುರ, ಸೇಡಂ ಸುತ್ತ, ಮೇಲಿನ ಮಣ್ಣು ಸರಿಸಿದರೆ ಸಿಗುವುದು ಸುಣ್ಣಕಲ್ಲು. ಐವತ್ತು ಕೋಟಿ ವರ್ಷಕ್ಕೂ ಹಿಂದೆ ಇಲ್ಲಿ ನಿಂತಿದ್ದ ಕಡಲಿನ ತಳದಲ್ಲಿ ಸಣ್ಣ ರಾಡಿ ಪದರ ಪದರವಾಗಿ ಕೂತು ಕಲ್ಲಾಯಿತು. ಪದರದ ನಡುವೆ ಹಾರೆ ತೂರಿಸಿ ಮೀಟಿದರೆ ಇಡೀ ಚಪ್ಪಡಿ ಕಳಚಿ ಬರುತ್ತದೆ. ಎರಡೂ ಮೈ ಹುಟ್ಟಿನಿಂದಲೇ ಮಟ್ಟ. ಉಜ್ಜುವ ಕೆಲಸವೂ ಕಡಿಮೆ. ಬೂದಿ, ನೀಲಿ, ಎಳೆ ಹಸಿರು, ಕೆಲವೆಡೆ ಮಾಸಲು ಗುಲಾಬಿ. ಊರಿನವರ ಬಾಯಲ್ಲಿ ಇದು ಫರ್ಸಿ ಕಲ್ಲು. ಹಾಸು ಎಂಬ ಅರ್ಥದ ‘ಫರ್ಶ್’ ಎಂಬ ಪರ್ಷಿಯನ್ ಮಾತಿನ ಮೂಲಕ ಬಂದ ಹೆಸರು.

ಹೆಸರು ಬಹಮನಿಗಳ ಕಾಲದ ವಾಸನೆ ಹೊತ್ತಿದ್ದರೂ ಕೆಲಸ ಅದಕ್ಕಿಂತ ಬಹಳ ಹಳೆಯದು. ಚಿತ್ತಾಪುರ ಸೀಮೆಯ ಸನ್ನತಿಯ ಬಳಿ, ಭೀಮಾ ದಂಡೆಯ ಕನಗನಹಳ್ಳಿಯಲ್ಲಿ, 1990ರ ದಶಕದಲ್ಲಿ ಭಾರತೀಯ ಪುರಾತತ್ವ ಇಲಾಖೆ ಅಗೆದಾಗ ದೊಡ್ಡದೊಂದು ಬೌದ್ಧ ಸ್ತೂಪ ಹೊರಬಂತು. ‘ರಾಯೋ ಅಸೋಕೋ’ ಎಂದು ಬ್ರಾಹ್ಮಿಯಲ್ಲಿ ಹೆಸರು ಕೊರೆದ ಅಶೋಕನ ಶಿಲ್ಪ ಸಿಕ್ಕಿದ್ದು ಇಲ್ಲೇ. ಸುದ್ದಿಯಾದದ್ದು ಅರಸನ ಮುಖ. ಆದರೆ ಆ ಸ್ತೂಪದ ಸುತ್ತ ಪ್ರದಕ್ಷಿಣೆ ಹಾಕುವ ದಾರಿಗೆ ಹಾಸಿದ್ದೂ ಇದೇ ಸೀಮೆಯ ಸುಣ್ಣಕಲ್ಲಿನ ಚಪ್ಪಡಿಗಳು. ಸುಮಾರು ಎರಡು ಸಾವಿರ ವರ್ಷದ ಹಿಂದೆ ಒಬ್ಬ ಹಾಸುಗಲ್ಲಿನವನು ಅಲ್ಲಿ ಮಂಡಿಯೂರಿ, ಒಂದು ಕಲ್ಲಿನ ಅಂಚಿಗೆ ಇನ್ನೊಂದನ್ನು ತಾಗಿಸಿ, ಕಣ್ಣು ಮಟ್ಟಕ್ಕೆ ಇಳಿಸಿ ನೋಡಿದ್ದಾನೆ. ಅವನ ಹೆಸರನ್ನು ಯಾರೂ ಕೊರೆಯಲಿಲ್ಲ. ಅಲ್ಲಿಂದ ಸ್ವಲ್ಪ ದೂರದ ಮಳಖೇಡದಲ್ಲಿ, ರಾಷ್ಟ್ರಕೂಟರ ಮಾನ್ಯಖೇಟದಲ್ಲಿ, ಕಾಗಿಣಾ ದಂಡೆಯ ಕೋಟೆ ಗೋಡೆಯೂ ಇದೇ ಕಲ್ಲನ್ನು ಪೇರಿಸಿ ಕಟ್ಟಿದ್ದು.

ಸೀಮೆಯ ಕಲ್ಲು ಸೀಮೆ ದಾಟಿದ್ದು ರೈಲು ಬಂದ ಮೇಲೆ. ಮುಂಬೈಯಿಂದ ಹೊರಟ ಗ್ರೇಟ್ ಇಂಡಿಯನ್ ಪೆನಿನ್ಸುಲಾ ರೈಲ್ವೆಯ ಹಳಿ ಸೊಲ್ಲಾಪುರ, ಕಲಬುರಗಿ, ಶಹಾಬಾದ್, ವಾಡಿ ದಾಟಿ 1871ರಲ್ಲಿ ರಾಯಚೂರು ಮುಟ್ಟಿ ಮದ್ರಾಸಿನ ಹಳಿಯನ್ನು ಕೂಡಿಕೊಂಡಿತು. ಹೊರಲಾರದಷ್ಟು ಭಾರದ ಸರಕಿಗೆ ಮನೆಬಾಗಿಲಲ್ಲೇ ಗಾಡಿ ನಿಂತಂತಾಯಿತು. ಎತ್ತಿನ ಬಂಡಿಗೆ ಏರುವ ಚಪ್ಪಡಿ ಎಷ್ಟು, ವ್ಯಾಗನ್ನಿಗೆ ಏರುವುದು ಎಷ್ಟು! ಮುಂಬೈ ಪುಣೆಗಳಲ್ಲಿ ಎದ್ದ ಚಾಳುಗಳ ಪಡಸಾಲೆಗೆ, ಅಡುಗೆಮನೆಗೆ, ಬಚ್ಚಲಿಗೆ, ವಾಡೆಗಳ ಒಳ ಅಂಗಳಕ್ಕೆ ಶಹಾಬಾದಿನ ಕಲ್ಲು ಹೋಯಿತು. ಮರಾಠಿಯಲ್ಲಿ ‘ಶಹಾಬಾದಿ ಫರಶಿ’ ಎಂಬುದು ಮನೆಮಾತಾಯಿತು. ಎಷ್ಟರಮಟ್ಟಿಗೆಂದರೆ, ಕಲ್ಲು ತಾಂಡೂರಿನದಿರಲಿ, ಬೇರೆ ಕಡೆಯದಿರಲಿ, ಬೂದು ಬಣ್ಣದ ಹಾಸುಗಲ್ಲೆಲ್ಲ ಶಹಾಬಾದಿಯೇ. ಒಂದು ನಿಲ್ದಾಣದ ಹೆಸರು ನೆಲದ ಹೆಸರಾಗಿ ಹೋಯಿತು.

ಫರ್ಸಿ ಹಾಸುವ ಕೆಲಸದಲ್ಲಿ ಜಾಣತನವೆಲ್ಲ ಕಲ್ಲಿನ ಅಡಿಗೆ ಇರುತ್ತದೆ. ಕಲಬುರಗಿಯ ಮಣ್ಣು ಎರೆ. ಮಳೆಗೆ ಉಬ್ಬುತ್ತದೆ, ಬೇಸಿಗೆಗೆ ಕುಗ್ಗಿ ಕೈ ತೂರುವಷ್ಟು ಬಾಯಿ ಬಿಡುತ್ತದೆ. ಅದರ ಮೇಲೆ ನೇರವಾಗಿ ಇಟ್ಟ ಕಲ್ಲು ವರ್ಷ ತುಂಬುವುದರೊಳಗೆ ಕುಣಿಯತೊಡಗುತ್ತದೆ. ಕುಣಿಯಲಾರದವಳಿಗೆ ನೆಲ ಡೊಂಕು ಎಂಬ ಗಾದೆ ಇಲ್ಲಿ ನಡೆಯುವುದಿಲ್ಲ. ನೆಲ ನಿಜವಾಗಿಯೂ ಡೊಂಕು. ಆದ್ದರಿಂದ ಎರೆಯನ್ನು ತೆಗೆದು, ಮೊರಂ ತುಂಬಿ, ನೀರು ಹಾಯಿಸಿ, ದಮ್ಮಸ್ಸು ಮಾಡಿ, ಕೂರಲು ಬಿಡಬೇಕು. ಸಿಮೆಂಟಿಗೆ ಮುಂಚೆ ಇದರ ಮೇಲೆ ಸುಣ್ಣದ ಗಾರೆ. ಸುಣ್ಣವನ್ನು ನೀರಿನಲ್ಲಿ ಅರಳಿಸಿ ನೆನೆಹಾಕಿ, ಆಮೇಲೆ ಮರಳು ಸೇರಿಸಿ, ವರ್ತುಲದ ಗುಂಡಿಯಲ್ಲಿ ಎತ್ತು ಎಳೆಯುವ ಕಲ್ಲಿನ ಗಾಲಿ ಸುತ್ತಿಸಿ ಅರೆಯಬೇಕಿತ್ತು. ಹೀಗೆ ಅರೆದ ಗಾರೆ ಬಿಗಿಯಾಗುವುದು ಗಾಳಿ ತಾಗಿ, ವಾರಗಟ್ಟಲೆ ನಿಧಾನಕ್ಕೆ. ಕಲ್ಲು ಇಡುವುದು ದಿನದ ಮಾತು, ಕಲ್ಲಿಗೆ ಜಾಗ ಮಾಡುವುದು ತಿಂಗಳ ಮಾತು.

ಈ ಕಲ್ಲಿನ ಕತೆಯಲ್ಲಿ ಒಂದು ವಿಚಿತ್ರ ತಿರುವಿದೆ. ಫರ್ಸಿಯಾಗುವ ಸುಣ್ಣಕಲ್ಲನ್ನೇ ಪುಡಿ ಮಾಡಿ, ಜೇಡಿಮಣ್ಣಿನೊಡನೆ 1,450 ಡಿಗ್ರಿಯ ಸುಮಾರಿಗೆ ಬೇಯಿಸಿದರೆ ಸಿಮೆಂಟು. 1920ರ ದಶಕದಲ್ಲಿ, ಆಗ ನಿಜಾಮರ ಆಳ್ವಿಕೆಯಲ್ಲಿದ್ದ ಶಹಾಬಾದಿನಲ್ಲಿ ಸಿಮೆಂಟ್ ಕಾರ್ಖಾನೆ ಎದ್ದಿತು. 1936ರಲ್ಲಿ ದೇಶದ ಹಲವು ಸಿಮೆಂಟ್ ಕಂಪನಿಗಳು ಒಂದಾಗಿ ಎಸಿಸಿ ಆದಾಗ ಶಹಾಬಾದಿನದೂ ಅದರಲ್ಲಿ ಸೇರಿತು. ಆಮೇಲೆ ವಾಡಿ, ಮಳಖೇಡ, ಸೇಡಂ ಎಂದು ಚಿಮಣಿಗಳ ಸಾಲೇ ಬಂತು. ಕಡಲು ಪದರ ಪದರವಾಗಿ ಕಟ್ಟಿಟ್ಟದ್ದನ್ನು ಪದರವಾಗಿಯೇ ಬಿಡಿಸಿ ಮಾರುವ ಕಸುಬಿನ ಪಕ್ಕದಲ್ಲೇ, ಅದನ್ನು ಹಿಟ್ಟು ಮಾಡಿ ಮಾರುವ ಕಸುಬು ನಿಂತಿತು. ಇವತ್ತು ಕರ್ನಾಟಕದ ಯಾವುದೋ ಅಂಗಳದಿಂದ ಹಳೆಯ ಫರ್ಸಿ ಕಿತ್ತು ಕಾಂಕ್ರೀಟ್ ಬಿಲ್ಲೆ ಹಾಸುವಾಗ, ಹೋಗುವ ಕಲ್ಲೂ ಬರುವ ಕಲ್ಲೂ ಒಂದೇ ತಾಯಿಯವು ಆಗಿರುವ ಸಾಧ್ಯತೆ ಬಹಳ.

ಆ ಕಾಂಕ್ರೀಟ್ ಬಿಲ್ಲೆಯ ತವರು ಮಾತ್ರ ಬೇರೆ. ನೆದರ್‌ಲೆಂಡ್ಸಿನಲ್ಲಿ ಕಲ್ಲು ಕಡಿಮೆ, ನದಿಯ ಜೇಡಿ ಧಾರಾಳ. ಹಾಗಾಗಿ ಅಲ್ಲಿ ಶತಮಾನಗಳಿಂದ ಬೀದಿಗೆ ಹಾಸುತ್ತಿದ್ದುದು ಚೆನ್ನಾಗಿ ಸುಟ್ಟ ಇಟ್ಟಿಗೆ. ಅಡಿಗೆ ಮರಳು, ಮೇಲೆ ಇಟ್ಟಿಗೆ, ಗಾರೆ ಇಲ್ಲ. ಸಮುದ್ರ ಮಟ್ಟಕ್ಕಿಂತ ಕೆಳಗಿರುವ ಮೆತ್ತನೆ ನೆಲ ಕುಸಿಯುತ್ತಲೇ ಇರುವುದರಿಂದ ಬೀದಿಯನ್ನು ಬಿಚ್ಚಿ, ಮರಳು ತುಂಬಿ, ಅದೇ ಇಟ್ಟಿಗೆಯನ್ನು ಮತ್ತೆ ಹಾಸುವಂತಿರಬೇಕು. 1940ರ ಮೇ 14ರಂದು ಜರ್ಮನ್ ವಿಮಾನಗಳು ರಾಟರ್‌ಡ್ಯಾಮಿನ ನಡುಭಾಗವನ್ನು ಸುಟ್ಟವು. ಯುದ್ಧ ಮುಗಿದಾಗ ಇದ್ದಬದ್ದ ಇಟ್ಟಿಗೆಯೆಲ್ಲ ಮನೆ ಕಟ್ಟಲು ಬೇಕಾಯಿತು. ಬೀದಿಗೆ ಅದೇ ಅಳತೆಯ ಕಾಂಕ್ರೀಟ್ ತುಂಡು ಬಂತು. ಬದಲಿಗೆ ಬಂದದ್ದು ಖಾಯಂ ಆಯಿತು. 1960ರ ದಶಕದಲ್ಲಿ ಜರ್ಮನಿಯ ಎಂಜಿನಿಯರ್ ಫ್ರಿಟ್ಸ್ ಫಾನ್ ಲಾಂಗ್ಸ್‌ಡಾರ್ಫ್ ಅದರ ಅಂಚನ್ನು ಅಂಕುಡೊಂಕು ಮಾಡಿ, ಒಂದರ ಹಲ್ಲು ಇನ್ನೊಂದರ ಸಂದಿಗೆ ಕೂರುವಂತೆ ರೂಪಿಸಿದರು. 70ರ ದಶಕಕ್ಕೆ ಅದು ಅಮೆರಿಕ ಕೆನಡಾಗಳ ಹಿತ್ತಿಲು ಸೇರಿತು. ಅಲ್ಲಿ ಅದನ್ನು ಹಾಸಿದ ಅಂಗಳಕ್ಕೆ ಪೇವರ್ ಪ್ಯಾಟಿಯೋ ಎಂಬ ಹೆಸರು.

ನಮ್ಮಲ್ಲಿ ಅದರ ಹೆಸರು ಇಂಟರ್‌ಲಾಕ್. ಪೆಟ್ರೋಲ್ ಬಂಕ್, ಬಸ್ ನಿಲ್ದಾಣ, ಕಾಲುದಾರಿಗಳಿಂದ ಶುರುವಾಗಿ ಮನೆಯಂಗಳಕ್ಕೆ ಬಂತು. 2004ರಲ್ಲಿ ಇಂಡಿಯನ್ ರೋಡ್ಸ್ ಕಾಂಗ್ರೆಸ್ ಇದನ್ನು ಹಾಸುವ ಮಾರ್ಗಸೂಚಿ ಹೊರಡಿಸಿತು. 2006ರಲ್ಲಿ ಐಎಸ್ 15658 ಎಂಬ ಮಾನಕ ಬಂತು. ಗಾಡಿ ಓಡದ ಜಾಗಕ್ಕೆ 50 ಮಿ.ಮೀ. ದಪ್ಪ, ಕಾರು ನಿಲ್ಲುವಲ್ಲಿಗೆ 60, ಭಾರದ ಲಾರಿ ಓಡುವಲ್ಲಿಗೆ 100 ಎಂದು ಅದು ಹೇಳಿತು. ‘ಜಿಗ್‌ಜ್ಯಾಗ್’, ‘ಡಂಬೆಲ್’ ಎಂಬ ಹೆಸರುಗಳು ಮಾನಕದವಲ್ಲ, ಅಂಗಡಿಯವು.

ಹೆಸರೇ ಇಂಟರ್‌ಲಾಕ್ ಆದ್ದರಿಂದ ಹಲ್ಲಿಗೆ ಹಲ್ಲು ಸೇರಿ ಬಿಗಿಯಾಗುತ್ತದೆ ಎಂದು ಬಹಳ ಜನ ನಂಬಿದ್ದಾರೆ. ಅದು ಅರ್ಧ ನಿಜ. ನೇರ ಅಂಚಿನ ಬಿಲ್ಲೆಯೂ ಅಷ್ಟೇ ಬಿಗಿಯಾಗಿ ನಿಲ್ಲಬಲ್ಲದು. ಹಿಡಿದಿಡುವುದು ಎರಡು ಬಿಲ್ಲೆಗಳ ನಡುವಿನ ಎರಡು-ನಾಲ್ಕು ಮಿಲಿಮೀಟರ್ ಸಂದಿಯಲ್ಲಿ ತುಂಬಿಕೊಂಡ ಸಣ್ಣ ಮರಳು. ಒಂದು ಬಿಲ್ಲೆಯನ್ನು ತುಳಿದರೆ ಆ ಮರಳಿನ ಕಾಳುಗಳು ಭಾರವನ್ನು ಅಕ್ಕಪಕ್ಕದವುಗಳಿಗೆ ದಾಟಿಸುತ್ತವೆ. ಇಡೀ ಹಾಸು ಹೊರಕ್ಕೆ ಸರಿಯದಂತೆ ಸುತ್ತಲೂ ಒಂದು ಗಟ್ಟಿ ಅಂಚುಗಲ್ಲು ಬೇಕು. ಬೀಗ ಎಂಬುದು ಇಷ್ಟೇ: ಹಿಡಿ ಮರಳು ಮತ್ತು ಒಂದು ದಂಡೆ.

ಈಗ ಮೇಸ್ತ್ರಿಯ ಮಾತಿಗೆ ಬರಬಹುದು. ಇಪ್ಪತ್ತಕ್ಕೆ ಇಪ್ಪತ್ತು ಅಡಿಯ ಅಂಗಳ. ಮನೆಯ ಯಜಮಾನರು ಗೃಹಪ್ರವೇಶದ ಕಾಗದ ಅಚ್ಚಿಗೆ ಕೊಟ್ಟು ಬಂದು ಕೇಳುತ್ತಾರೆ: “ಎಷ್ಟು ದಿನ ಆಗ್ತದೆ ಮೇಸ್ತ್ರಿ?” ಒಬ್ಬ ಮೇಸ್ತ್ರಿ ನಾಲ್ಕು ದಿನ ಎನ್ನುತ್ತಾನೆ. ಇನ್ನೊಬ್ಬ, “ನಾಳೆ ಬೆಳಿಗ್ಗೆ ಶುರು, ನಾಡಿದ್ದು ಸಂಜೆ ನೀವು ಕಾರು ತನ್ನಿ ಸಾರ್” ಎನ್ನುತ್ತಾನೆ. ಕೆಲಸ ಸಿಗುವುದು ಎರಡನೆಯವನಿಗೆ.

ಲೆಕ್ಕ ಹಾಕಿ ನೋಡಿದರೆ ನಾಲ್ಕು ದಿನದವನ ಮಾತು ತಿಳಿಯುತ್ತದೆ. ನಾನೂರು ಚದರಡಿಯನ್ನು ಎಂಟು ಅಂಗುಲ ಆಳ ತೋಡಿದರೆ 260 ಘನ ಅಡಿಗೂ ಮಿಕ್ಕ ಮಣ್ಣು. ಅಗೆದು ಸಡಿಲವಾದ ಮೇಲೆ ಅದು ಮುನ್ನೂರು ದಾಟುತ್ತದೆ. ಅದನ್ನು ಸಾಗಿಸಲು ಟ್ರಾಕ್ಟರ್ ಮೂರು ನಾಲ್ಕು ಸಲ ಓಡಾಡಬೇಕು. ಗೇಟು ಕಿರಿದಾಗಿದ್ದರೆ ಬಾಂಡ್ಲಿಯಲ್ಲೇ ಹೊರಬೇಕು. ಒಂದು ದಿನ ಅಲ್ಲಿಗೆ ಮುಗಿಯಿತು. ಎರಡನೇ ದಿನ ಜಲ್ಲಿ ಮತ್ತು ಕ್ರಷರ್ ಹುಡಿಯ ಮಿಶ್ರಣವನ್ನು ಎರಡು ಮೂರು ಪದರವಾಗಿ ಹಾಕಿ, ಪ್ರತಿ ಪದರಕ್ಕೂ ನೀರು ಚಿಮುಕಿಸಿ, ಕಂಪ್ಯಾಕ್ಟರ್ ಓಡಿಸಿ ಬಿಗಿಮಾಡಬೇಕು. ಎಲ್ಲವನ್ನೂ ಒಮ್ಮೆಗೇ ಸುರಿದು ಮೇಲಿಂದ ಯಂತ್ರ ಓಡಿಸಿದರೆ ಮೇಲಿನ ಎರಡಂಗುಲ ಮಾತ್ರ ಗಟ್ಟಿಯಾಗಿ ಅಡಿ ಪೊಳ್ಳು ಉಳಿಯುತ್ತದೆ. ಮೂರನೇ ದಿನ ಅಂಚುಗಲ್ಲು, ಅದಕ್ಕೆ ಕಾಂಕ್ರೀಟು. ಆಮೇಲೆ ಒಂದಂಗುಲ ಮರಳನ್ನು ಎರಡು ಪೈಪುಗಳ ಮೇಲೆ ಪಟ್ಟಿ ಎಳೆದು ಕನ್ನಡಿಯಂತೆ ಮಟ್ಟ ಮಾಡುವುದು. ಆ ಮರಳಿನ ಮೇಲೆ ಮೇಸ್ತ್ರಿ ಬೆಕ್ಕನ್ನೂ ಬಿಡುವುದಿಲ್ಲ.

ಬಿಲ್ಲೆ ಇಡುವುದು ಕಡೆಯ ಮಾತು. ಇಟ್ಟಿಗೆಯಾಕಾರದ, 200ಕ್ಕೆ 100 ಮಿ.ಮೀ. ಬಿಲ್ಲೆಯಾದರೆ ಈ ಅಂಗಳಕ್ಕೆ ಸುಮಾರು 1,850 ಬೇಕು, 60 ಮಿ.ಮೀ. ದಪ್ಪದವಾದರೆ ತೂಕ ಐದು ಟನ್ನಿಗೂ ಹೆಚ್ಚು. ಆದರೂ ದಾರ ಕಟ್ಟಿಕೊಂಡು, ಹಾಸಿದ್ದರ ಮೇಲೆಯೇ ಕೂತು ಮುಂದೆ ಮುಂದೆ ಇಡುತ್ತ ಹೋದರೆ ಕೈ ಪಳಗಿದ ಇಬ್ಬರು ಒಂದೇ ದಿನದಲ್ಲಿ ಮುಗಿಸುತ್ತಾರೆ. ಹೊತ್ತು ತಿನ್ನುವುದು ಅಂಚು. ಗೋಡೆಯ ಪಕ್ಕ, ತುಳಸಿ ಕಟ್ಟೆಯ ಸುತ್ತ, ಚೇಂಬರ್ ಮುಚ್ಚಳದ ನಾಲ್ಕು ಬದಿ, ಎಲ್ಲ ಕಡೆ ಅಳತೆ ತೆಗೆದು, ಗೀಟು ಹಾಕಿ, ಕಟ್ಟರಿನಲ್ಲಿ ಕೊಯ್ಯಬೇಕು. ದುಂಡನೆಯ ತುಳಸಿ ಕಟ್ಟೆ ಇದ್ದರೆ ಮೇಸ್ತ್ರಿಯ ಮುಖ ನೋಡಬೇಕು. ಬಿಳಿ ಧೂಳಿನಲ್ಲಿ ರೆಪ್ಪೆ ನರೆತವನಂತೆ ಕೂತು ಕೊಯ್ಯುವ ಹುಡುಗನಿಗೆ ಮುಖಕ್ಕೊಂದು ಬಟ್ಟೆಯಾದರೂ ಇದ್ದರೆ ಪುಣ್ಯ.

ಹಾಗಾದರೆ ಎರಡು ದಿನದವನು ಏನು ಮಾಡುತ್ತಾನೆ? ತೋಡುವುದಿಲ್ಲ. ಇದ್ದ ಮಣ್ಣನ್ನೇ ಕೆರೆದು, ಮೇಲೆ ಎರಡಂಗುಲ ಎಂ ಸ್ಯಾಂಡ್ ಸುರಿದು ಬಿಲ್ಲೆ ಜೋಡಿಸುತ್ತಾನೆ. ಗೃಹಪ್ರವೇಶದ ಫೋಟೋಗಳಲ್ಲಿ ಎರಡೂ ಅಂಗಳ ಒಂದೇ ತರಹ ಕಾಣುತ್ತವೆ. ವ್ಯತ್ಯಾಸ ಬರೆಯುವುದು ಆಷಾಢದ ಮಳೆ. ಕಾರಿನ ಗಾಲಿ ಓಡಾಡುವ ಎರಡು ಗೆರೆಗಳಲ್ಲಿ ಮೊದಲು ಬಿಲ್ಲೆ ಇಳಿಯುತ್ತದೆ, ಅಲ್ಲಿ ನೀರು ನಿಲ್ಲುತ್ತದೆ, ನಿಂತ ನೀರಿನಲ್ಲಿ ಪಾಚಿ.

ಇದು ಮನೆಯಂಗಳದ ಮಾತಷ್ಟೇ ಅಲ್ಲ. ಬೆಂಗಳೂರಿನ ಚರ್ಚ್ ಸ್ಟ್ರೀಟ್ ಮುಕ್ಕಾಲು ಕಿಲೋಮೀಟರಿನಷ್ಟು ಉದ್ದದ ಬೀದಿ. ಡಾಂಬರು ತೆಗೆದು ಅದಕ್ಕೆ ಕಲ್ಲು ಹಾಸುವ ಕೆಲಸ ಶುರುವಾದದ್ದು 2017ರ ಫೆಬ್ರವರಿಯಲ್ಲಿ, ಬೀದಿ ತೆರೆದದ್ದು 2018ರ ಮಾರ್ಚಿನಲ್ಲಿ. ಕಲ್ಲು ಇಡುವುದಕ್ಕೆ ವರ್ಷ ಬೇಕಾಗಲಿಲ್ಲ. ಒಳಚರಂಡಿ, ಮಳೆನೀರಿನ ಕೊಳವೆ, ಕುಡಿಯುವ ನೀರು, ವಿದ್ಯುತ್ ಕೇಬಲ್ ಎಂದು ಬೀದಿಯ ಹೊಟ್ಟೆಯಲ್ಲಿದ್ದ ಹಳೆಯದನ್ನೆಲ್ಲ ಬಿಡಿಸಿ ಮತ್ತೆ ಜೋಡಿಸುವುದಕ್ಕೆ ಹೋಯಿತು ಆ ವರ್ಷ. ಅಂಗಡಿಯವರು ಶಾಪ ಹಾಕಿದರೆ ತಪ್ಪೂ ಅಲ್ಲ. ಮೇಲಿಂದ ನೋಡುವವರಿಗೆ ಕಾಣುವುದು ಗುಂಡಿ ಮತ್ತು ಹಗ್ಗ ಮಾತ್ರ.

ಕರಾವಳಿಯ ಅಡಿಕೆ ಮನೆಗಳಿಗೂ ಇಂಟರ್‌ಲಾಕ್ ಬಂದಿದೆ. ಮೊದಲು ಸಿಮೆಂಟಿನ ಅಂಗಳ, ಈಗ ಬಿಲ್ಲೆ. ಹಲಗೆ ಬಡಿಯಲು ಮನೆಯಲ್ಲಿ ಜನವಿಲ್ಲ, ಹಟ್ಟಿಯಲ್ಲಿ ಸಗಣಿ ಹಾಕುವ ದನವಿಲ್ಲ. ಬಗ್ಗಿ ಸಾರಿಸಿ ಸೊಂಟ ಕಳೆದುಕೊಂಡ ಅಜ್ಜಿಯರು ಮಣ್ಣಿನಂಗಳದ ತಂಪನ್ನು ಹಾಡಿ ಹೊಗಳುವುದು ಅಪರೂಪ. ಹೊಗಳುವವರು ಹೆಚ್ಚಾಗಿ ಪೇಟೆಯಿಂದ ರಜೆಗೆ ಬಂದ ಮೊಮ್ಮಕ್ಕಳು. ಬಿಲ್ಲೆಯ ಮೇಲೆ ಅಡಿಕೆ ಚೆನ್ನಾಗಿಯೇ ಒಣಗುತ್ತದೆ. ರಂಗೋಲಿ ಮಾತ್ರ ಕೂರುವುದಿಲ್ಲ, ಗೆರೆ ಪ್ರತಿ ಸಂದಿಯಲ್ಲೂ ಮುರಿಯುತ್ತದೆ. ಅದಕ್ಕೆಂದೇ ಹೊಸ್ತಿಲ ಮುಂದೆ ಒಂದು ದೊಡ್ಡ ಕಲ್ಲು ಬಿಡಿಸಿಕೊಂಡವರಿದ್ದಾರೆ.

ಕಡೆಯ ಸಂಜೆ ತಂಡ ಸಾಮಾನು ಕಟ್ಟುವ ಮುಂಚೆ ಒಣಮರಳನ್ನು ಅಂಗಳದ ತುಂಬ ಚೆಲ್ಲಿ, ಪೊರಕೆಯಿಂದ ಸಂದಿಗಳಿಗೆ ಗುಡಿಸಿ, ಯಂತ್ರ ಓಡಿಸಿ, ಮತ್ತೆ ಗುಡಿಸುತ್ತಾರೆ. ಒಳ್ಳೆಯ ಮೇಸ್ತ್ರಿಯಾದರೆ ಒಂದು ಮೂಟೆ ಮರಳನ್ನು ಗೋಡೆಗೊರಗಿಸಿ ಬಿಟ್ಟು ಹೋಗುತ್ತಾನೆ. “ಒಂದು ಮಳೆ ಬೀಳಲಿ, ಮರಳು ಇಳಿಯುತ್ತದೆ. ಆಗ ಮತ್ತೊಂದು ಸಲ ಗುಡಿಸಿಕೊಳ್ಳಿ ಅಮ್ಮಾ.” ಮಳೆ ಬರುವ ಮುಂಚೆಯೇ ಇರುವೆಗಳು ಬರುತ್ತವೆ. ಬೆಳಿಗ್ಗೆ ಬಾಗಿಲು ತೆಗೆದರೆ ಬಿಲ್ಲೆಗಳ ಸಂದಿಯಲ್ಲಿ ಅಲ್ಲಲ್ಲಿ ಸಣ್ಣ ಮರಳ ಗುಪ್ಪೆ, ಒಂದೊಂದೇ ಕಾಳನ್ನು ಹೊತ್ತು ತಂದು ಮೇಲೆ ಹಾಕಿದ್ದು. ಮನೆಯಾಕೆ ಪೊರಕೆ ತೆಗೆದುಕೊಂಡು, ಬಗ್ಗಿ, ಅದನ್ನು ಮತ್ತೆ ಸಂದಿಗೆ ತಳ್ಳುತ್ತಾಳೆ.